ಇತಿಹಾಸದಂತೆ ಹಾರಬೇಕಾ, ಸಮಬಲ ಮಾಡಬೇಕಾ? ಮೂರೂ ಬಗೆ ಆಡಿಸಿ ನೋಡಿದ್ದು

ಕಂಪ್ಯೂಟರಿನ ಯುದ್ಧವಿಮಾನದ ಆಟದಲ್ಲಿ ಇತಿಹಾಸದಲ್ಲಿ ಇದ್ದಂತೆ ಆಯಾ ಕಡೆಗೆ ಅದರದೇ ವಿಮಾನ ಕೊಡಬೇಕಾ, ಎರಡೂ ಕಡೆಗೆ ಒಂದೇ ವಿಮಾನ ಕೊಡಬೇಕಾ ಅನ್ನುವುದು ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಇತಿಹಾಸದಲ್ಲಿ ಇದ್ದಂಥ ವಿಮಾನಗಳಿಗೇ. ಆದರೆ ಅರ್ಧ ಆಟ ಆದ ಮೇಲೆ ಎರಡೂ ಕಡೆಯವರು ಪಕ್ಷ ಬದಲಿಸಬೇಕು. ಸುರತ್ಕಲ್, ಉಡುಪಿ, ಮಣಿಪಾಲದ ನಾವು ಕೆಲವರು ಭಾನುವಾರ ರಾತ್ರಿ ಆನ್‌ಲೈನ್‌ನಲ್ಲಿ ಸೇರಿ 1940ರಲ್ಲಿ ಜರ್ಮನಿ, ಬ್ರಿಟನ್ ನಡುವೆ ಆಕಾಶದಲ್ಲಿ ನಡೆದ ‘ಬ್ರಿಟನ್ ಕದನ’ ಹಾರುತ್ತೇವೆ. ಆಟ ‘ಕ್ಲಿಫ್ಸ್ ಆಫ್ ಡೋವರ್ ಬ್ಲಿಟ್ಜ್’. ಸಮಬಲ, ಅಪ್ಪಟ ಇತಿಹಾಸ, ಪಕ್ಷ ಬದಲಿಸುವ ಇತಿಹಾಸ, ಮೂರೂ ನೋಡಿದ್ದಾಯಿತು.

ಸಮಬಲ ಅಂದರೆ ಎರಡೂ ಕಡೆಗೆ ಬ್ರಿಟಿಷರ ಯುದ್ಧವಿಮಾನ ಸ್ಪಿಟ್‌ಫೈರ್. ಯಾರ ಕೈ ಚುರುಕು ಅಂತ ಬೇಗ ಗೊತ್ತಾಗುತ್ತದೆ. ಹೊಸಬರ ಅಭ್ಯಾಸಕ್ಕೆ ಒಳ್ಳೆಯದು, ಅಷ್ಟೇ.

ಇತಿಹಾಸದ ರುಚಿಯೇ ಬೇರೆ. ಜರ್ಮನರ ಯುದ್ಧವಿಮಾನ ಮೆಸ್ಸರ್‌ಸ್ಮಿಟ್ 109ರ ಎಂಜಿನ್‌ಗೆ ಪೆಟ್ರೋಲ್ ನೇರ ಇಂಜೆಕ್ಷನ್. ಬ್ರಿಟಿಷರ ಆಗಿನ ಸ್ಪಿಟ್‌ಫೈರ್, ಹರಿಕೇನ್‌ಗಳಿಗೆ ಕಾರ್ಬ್ಯುರೇಟರ್. 109ರವನು ವಿಮಾನ ನಡೆಸುವ ಸ್ಟಿಕ್ ಮುಂದಕ್ಕೆ ತಳ್ಳಿ ಮೂತಿ ಕೆಳಗೆ ಮಾಡಿ ಜಾರುತ್ತಾನೆ. ಹಿಂದಿರುವ ನೀವೂ ಹಾಗೇ ತಳ್ಳಿದಿರೋ, ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಸರಿಯಾಗಿ ಸಿಗದೆ ಎಂಜಿನ್ ಕೆಮ್ಮಿ ಒಂದು ಕ್ಷಣ ಸುಮ್ಮನಾಗುತ್ತದೆ. ಅಷ್ಟರಲ್ಲಿ ಅವನು ಮಾಯ. ವಿಮಾನವನ್ನು ಮಗುಚಿ ಸ್ಟಿಕ್ ಎಳೆದುಕೊಂಡೇ ಅಟ್ಟಿಸಿಕೊಂಡು ಹೋಗಬೇಕು. ಇದನ್ನು ಅನ್ಯಾಯ ಅಂತ ತೆಗೆದುಹಾಕಿದರೆ ಆಟದಲ್ಲಿ ಉಳಿಯುವುದೇನು? 109ಕ್ಕೂ ಕಷ್ಟ ಇದೆಯಲ್ವಾ: ಲಂಡನ್ ಮೇಲೆ ಕಾದಾಡಲು ಅದಕ್ಕೆ ಸಿಗುತ್ತಿದ್ದದ್ದು ಸುಮಾರು 10 ನಿಮಿಷ. ಇಂಧನದ ಕೆಂಪು ದೀಪ ಹತ್ತಿದರೆ ಗೆಲ್ಲುತ್ತಿದ್ದವನೂ ಬಿಟ್ಟು ಓಡಬೇಕು. ಹಾಗಾಗಿ 109ಗಳು ಕಾವಲಿಗೆ ಹೋಗುವ ಜರ್ಮನ್ ಬಾಂಬರ್‌ಗಳ ಗುರಿ ಲಂಡನ್ನೇ ಆಗಿರಬೇಕು. ಫ್ರಾನ್ಸಿನಲ್ಲಿದ್ದ ಅವರ ನೆಲೆಗಳಿಗೆ ಹತ್ತಿರದ, ಕರಾವಳಿಯ ಡೋವರ್ ಮೇಲೆ ಆಡಿಸಿದರೆ ಈ ಕಷ್ಟ ಅವರಿಗೆ ತಟ್ಟುವುದೇ ಇಲ್ಲ.

ನನಗೆ ತಲೆಬಿಸಿ ಮಾಡಿದ್ದು ‘ಒಂದೇ ಜೀವ’ದ ನಿಯಮ. ಅಪ್ಪಟ ಇತಿಹಾಸ ಅಂತ ಹೇಳಿಕೊಳ್ಳುವ ಪಂದ್ಯಗಳಲ್ಲಿ ಇದು ಜಾಸ್ತಿ. ಒಮ್ಮೆ ಸತ್ತರೆ ಆ ರಾತ್ರಿಗೆ ಮುಗಿಯಿತು. ಸಂಪರ್ಕ ಕಡಿದರೂ ಸತ್ತ ಲೆಕ್ಕ. ಮಳೆಗಾಲದ ಮಂಗಳೂರಿನಲ್ಲಿ ಕುಳಿತು ಇದನ್ನು ಆಡಿ ನೋಡಿ. ನಮ್ಮಲ್ಲಿ ಕಂಪ್ಯೂಟರ್‌ಗೆ ಯುಪಿಎಸ್ ಇದೆ, ರೂಟರ್‌ಗೂ ಇದೆ. ಬೀದಿ ಮೂಲೆಯ ಫೈಬರ್ ಪೆಟ್ಟಿಗೆಗೆ ಇಲ್ಲ. ಗುಡುಗು ಶುರುವಾಗಿ ಕರೆಂಟ್ ಹೋಯಿತು ಅಂದರೆ ಪರದೆಯ ಮೇಲೆ ವಿಮಾನಗಳು ನಿಂತಲ್ಲೇ ನಿಲ್ಲುತ್ತವೆ. ಅರ್ಧ ಗಂಟೆ ಎತ್ತರ ಏರಿ, ಬಾಂಬರ್‌ಗಳ ಹತ್ತಿರ ಬಂದು, ಒಂದು ಗುಂಡೂ ಹಾರಿಸದೆ ಸತ್ತವರ ಪಟ್ಟಿಯಲ್ಲಿ ಹೆಸರು. ಯುರೋಪಿನ ಆಟಗಾರನಿಗೆ ಇದು ಅರ್ಥವೇ ಆಗುವುದಿಲ್ಲ. ಬೇಸಿಗೆಯಲ್ಲಿ ಲಂಡನ್ನಿನ ರಾತ್ರಿ 8 ಗಂಟೆಯ ಪಂದ್ಯ ನಮಗೆ ರಾತ್ರಿ 12:30ಕ್ಕೆ. ನಿದ್ದೆ ಬಿಟ್ಟು ಕೂತದ್ದು ಸುಮ್ನೆ ಹಾಳು.

ಇನ್ನೊಂದು, ಈ ನಿಯಮ ಇತಿಹಾಸಕ್ಕೂ ಸರಿ ಹೊಂದುವುದಿಲ್ಲ. ಕದನ ಹೆಚ್ಚಾಗಿ ನಡೆದದ್ದು ಇಂಗ್ಲೆಂಡಿನ ಮೇಲಿನ ಆಕಾಶದಲ್ಲಿ. ಪ್ಯಾರಾಚೂಟಿನಲ್ಲಿ ಇಳಿದ ಬ್ರಿಟಿಷ್ ಪೈಲಟ್‌ಗೆ ಗಾಯ ಆಗಿರದಿದ್ದರೆ ತನ್ನ ನೆಲೆಗೆ ಮರಳಿ ಮತ್ತೆ ಹಾರಬಹುದಿತ್ತು. ಅಲ್ಲೇ ಇಳಿದ ಜರ್ಮನ್ ಪೈಲಟ್ ಯುದ್ಧಕೈದಿ. ನಾವು ಇದನ್ನೇ ನಿಯಮ ಮಾಡಿದೆವು: ಬ್ರಿಟಿಷ್ ಕಡೆಯವರು ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರೆ ಕಾಲು ಗಂಟೆ ಬಿಟ್ಟು ಬೇರೆ ವಿಮಾನ, ಜರ್ಮನರು ಹೊರಗೆ. ಸಂಪರ್ಕ ಕಡಿದವರು ಯಾವ ಕಡೆಯಿದ್ದರೂ ಕಾಲು ಗಂಟೆ ಕಾದು ಬರಬಹುದು. ಜರ್ಮನ್ ಕಡೆಗೆ ಇದು ಕಠಿಣ, ನಿಜ. ಅದಕ್ಕೇ ಅರ್ಧದಲ್ಲಿ ಪಕ್ಷ ಬದಲು, ಎರಡೂ ಪಾಳಿಯ ಅಂಕ ಕೂಡಿಸಿ ತೀರ್ಪು.

ಇದರಿಂದ ಎಲ್ಲರೂ 109ಕ್ಕೇ ಮುಗಿಬೀಳುವುದೂ ನಿಂತಿತು. ಆಗ ಸ್ಪಿಟ್‌ಫೈರ್‌ಗಿಂತ ಹರಿಕೇನ್‌ಗಳೇ ಹೆಚ್ಚಿದ್ದವು, ನಮ್ಮಲ್ಲೂ ಹಾಗೇ ಹಂಚುತ್ತೇವೆ. ಕಂಬಳದಲ್ಲಿ ಕೋಣಗಳ ಓಟಕ್ಕೆ ‘ಹಗ್ಗ ಹಿರಿಯ’, ‘ಹಗ್ಗ ಕಿರಿಯ’ ಅಂತ ವಿಭಾಗ ಮಾಡುವಂತೆ ಪಳಗಿದವರನ್ನೂ ಹೊಸಬರನ್ನೂ ಬೇರೆ ಮಾಡಿ, ಎರಡೂ ಕಡೆಗೆ ಸಮನಾಗಿ ಹಾಕಿದರೆ ಜಗಳವೇ ಇಲ್ಲ.

‘ಡಿಸಿಎಸ್’ ಅನ್ನುವ ಇನ್ನೊಂದು ವಿಮಾನದ ಆಟದಲ್ಲೂ ಹಾರಿದ್ದೇನೆ. ಚಂದ ಇದೆ. ಆದರೆ ಒಂದೊಂದು ಯುದ್ಧವಿಮಾನಕ್ಕೂ ಬೇರೆ ದುಡ್ಡು. 1944ರ ಜೂನ್‌ನಲ್ಲಿ ಮಿತ್ರಪಕ್ಷಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದ ಯುದ್ಧ ಅಂತ ಪಂದ್ಯ ಇಟ್ಟರೆ ಎದುರಿಗೆ ಬರುವ 109 ಅಂದರೆ ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಯುದ್ಧಕ್ಕೆ ಇಳಿದ ಕೆ-4 ಮಾದರಿ. ಇದ್ದದ್ದರಲ್ಲೇ ಹೊಂದಿಸಿಕೊಳ್ಳಬೇಕು.

ವಾರಕ್ಕೊಮ್ಮೆ ಕೂರುವ, ಒಮ್ಮೆ ದುಡ್ಡು ಕೊಟ್ಟು ಈ ಕದನದ ವಿಮಾನಗಳು ಸಿಗಲಿ ಅನ್ನುವ ನನ್ನಂಥವರಿಗೆ ‘ಬ್ಲಿಟ್ಜ್’, ಪಕ್ಷ ಬದಲಿಸುವ ಇತಿಹಾಸ, ರಾತ್ರಿ 9ಕ್ಕೆ ಶುರುವಾಗುವ ನಮ್ಮೂರಿನದೇ ಪಂದ್ಯ. ಹೊಸಬರು ಬರುವುದಾದರೆ ಮೊದಲ ಪಾಳಿಗೆ ಹರಿಕೇನ್ ತೆಗೆದುಕೊಳ್ಳಿ. ನೆಲಕ್ಕೆ ಇಳಿಸುವುದು ಅದರಲ್ಲಿ ಸುಲಭ.