ಮುರಕಲ್ಲಿನ ಗೋಡೆ, ಮಳೆಗಾಲದ ಲೈನು: ಆನ್‌ಲೈನ್ ಗೇಮ್, ಕ್ಲೌಡ್ ಗೇಮ್, ಮನೆಯೊಳಗಿನ ಸ್ಟ್ರೀಮಿಂಗ್

ಮಂಗಳೂರು, ಉಡುಪಿ ಕಡೆ ಹೊಸ ಫೈಬರ್ ಹಾಕಿಸುವಾಗ ಎಲ್ಲರೂ ಕೇಳುವುದು ಒಂದೇ: ಗೇಮ್ ಆಡ್ಲಿಕ್ಕೆ ಎಷ್ಟು ಎಂಬಿಪಿಎಸ್ ಬೇಕು? ಪ್ರಶ್ನೆಯೇ ಸರಿಯಿಲ್ಲ ಮಾರಾಯ್ರೆ. ಚಿತ್ರ ಎಲ್ಲಿ ತಯಾರಾಗುತ್ತದೆ ಎಂದು ಮೊದಲು ಕೇಳಬೇಕು.

ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2, ಬಿಜಿಎಂಐ (ಮೊಬೈಲಿನ ಪಬ್ಜಿಯ ಭಾರತದ ಆವೃತ್ತಿ) ಈ ಗುಂಡಿನ ಆಟಗಳಲ್ಲಿ ಚಿತ್ರ ತಯಾರಾಗುವುದು ಎದುರಿಗಿರುವ ಯಂತ್ರದಲ್ಲೇ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಗುಂಡು ಯಾರಿಗೆ ತಾಗಿತು ಎಂಬ ಲೆಕ್ಕ ಮಾತ್ರ ಲೈನಿನಲ್ಲಿ ಹೋಗಿ ಬರುತ್ತದೆ. ಅದು ಎಂಬಿಗಳ ವ್ಯವಹಾರ, ಜಿಬಿಗಳದ್ದಲ್ಲ. ಸ್ಟ್ರೀಮಿಂಗ್ ಗೇಮಿನಲ್ಲಿ ಆಟ ನಡೆಯುವುದು ಬೇರೆ ಯಂತ್ರದಲ್ಲಿ. ನಮ್ಮ ಪರದೆಗೆ ಬರುವುದು ಅದರ ವಿಡಿಯೋ. 1080ಪಿ, 60 ಫ್ರೇಮಿಗೆ 20 ಎಂಬಿಪಿಎಸ್ ಇಟ್ಟರೆ ಗಂಟೆಗೆ 9 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನಿನಲ್ಲಿ ಇದು 13 ನಿಮಿಷದ ಆಟ; 720ಪಿಗೆ ಇಳಿಸಿ 10 ಎಂಬಿಪಿಎಸ್ ಮಾಡಿದರೂ ಅರ್ಧ ಗಂಟೆ ಮುಟ್ಟುವುದಿಲ್ಲ. ತಿಂಗಳಿಗೆ 3,300 ಜಿಬಿ ಮಿತಿಯ ಫೈಬರಿನಲ್ಲಾದರೆ 360 ಗಂಟೆಗೂ ಮಿಕ್ಕಿ ಆಡಬಹುದು, ಡೇಟಾದ ಚಿಂತೆಯೇ ಇಲ್ಲ.

ಪ್ಯಾಕೆಟ್ (ಲೈನಿನಲ್ಲಿ ಹೋಗುವ ಮಾಹಿತಿಯ ಸಣ್ಣ ತುಂಡು) ಕಳೆದುಹೋದಾಗ ಈ ಎರಡೂ ಬಗೆ ಬೇರೆ ಬೇರೆ ರೀತಿ ಕೆಡುತ್ತವೆ. ಆನ್‌ಲೈನ್ ಗೇಮಿನಲ್ಲಿ ಒಂದೆರಡು ಪ್ಯಾಕೆಟ್ ತಪ್ಪಿದರೆ ಆಟವೇ ಊಹಿಸಿ ತೇಪೆ ಹಾಕುತ್ತದೆ. ಎದುರಾಳಿ ಸ್ವಲ್ಪ ಜಿಗಿದಂತೆ ಕಾಣುತ್ತಾನೆ, ಅಷ್ಟೆ. ಸ್ಟ್ರೀಮಿಂಗಿನಲ್ಲಿ ಇಡೀ ಚಿತ್ರವೇ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಹಾಗಾಗಿ ನೂರು ಎಂಬಿಪಿಎಸ್ ಇದ್ದೂ ಆಗಾಗ ಪ್ಯಾಕೆಟ್ ಬೀಳಿಸುವ ಲೈನಿಗಿಂತ, 40 ಎಂಬಿಪಿಎಸ್‌ನ ಸದೃಢ ಲೈನು ಎಷ್ಟೋ ವಾಸಿ.

ಮೊದಲು ಪಿಸಿಯ ಎರಡು ಶೂಟರ್‌ಗಳು. ವ್ಯಾಲರಂಟ್‌ಗೆ ಮುಂಬೈಯಲ್ಲಿ ಸರ್ವರ್ ಉಂಟು. ಕೌಂಟರ್-ಸ್ಟ್ರೈಕ್ 2ಕ್ಕೆ ಮುಂಬೈ, ಚೆನ್ನೈ ಎರಡೂ ಉಂಟು. ಮಂಗಳೂರಿನಿಂದ ಮುಂಬೈಗೆ ನೇರ ದೂರ ಸುಮಾರು 700 ಕಿಲೋಮೀಟರ್, ಚೆನ್ನೈಗೆ 600ಕ್ಕೂ ಕಡಿಮೆ. ಫೈಬರಿನೊಳಗೆ ಬೆಳಕು ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಓಡುವುದರಿಂದ ಮುಂಬೈಗೆ ಹೋಗಿ ಬರಲು ಬರೇ 7 ಮಿಲಿಸೆಕೆಂಡ್ ಸಾಕಿತ್ತು. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ಹತ್ತಾರು ಸ್ವಿಚ್‌ಗಳು ಬೇರೆ. ಆದ್ದರಿಂದ ಪಿಂಗ್, ಎಂದರೆ ಹೋಗಿ ಬರುವ ಸಮಯ, 30–40 ಮಿಲಿಸೆಕೆಂಡ್ ಸಿಕ್ಕರೆ ಸಮಾಧಾನಪಡಬಹುದು. 60 ದಾಟಿದರೆ ದಾರಿ ಎಲ್ಲೋ ಸುತ್ತು ಹೊಡೆಯುತ್ತಿದೆ. ಚೆನ್ನೈ ಹತ್ತಿರವೆಂದು ಅಲ್ಲಿಯ ಪಿಂಗೇ ಕಡಿಮೆ ಬರಬೇಕೆಂದಿಲ್ಲ: ಕಂಪನಿಯ ಲೈನು ಮುಂಬೈ ಮೂಲಕ ಹಾದು ಹೋಗಿದ್ದರೆ ಭೂಪಟ ಏನು ಹೇಳಿದರೂ ಉಪಯೋಗ ಇಲ್ಲ.

ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತದೆ, ಕೌಂಟರ್-ಸ್ಟ್ರೈಕ್ 2 64 ಸಲ; ಒಂದೊಂದು ಲೆಕ್ಕಕ್ಕೆ ಟಿಕ್ ಎಂದು ಹೆಸರು. ಎರಡನೆಯದರಲ್ಲಿ ಸಬ್‌ಟಿಕ್ ಎಂಬ ಏರ್ಪಾಡು ಇರುವುದರಿಂದ ಬಟನ್ ಒತ್ತಿದ ನಿಖರ ಕ್ಷಣವೂ ದಾಖಲಾಗುತ್ತದೆ. ಒಳ್ಳೆಯ ಲೈನಿನಲ್ಲಿ ವ್ಯಾಲರಂಟ್ ಹೆಚ್ಚು ಚೊಕ್ಕವಾಗಿ ಓಡುತ್ತದೆ. ಆದರೆ ಲೈನು ಕುಂಟುವ ದಿನ ಕೌಂಟರ್-ಸ್ಟ್ರೈಕ್ 2 ಕೈಹಿಡಿಯುತ್ತದೆ. ಸೆಟ್ಟಿಂಗ್ಸಿನ ಗೇಮ್ ವಿಭಾಗದಲ್ಲಿ ಪ್ಯಾಕೆಟ್ ನಷ್ಟಕ್ಕೆ ಬಫರಿಂಗ್ (ಬಂದ ಪ್ಯಾಕೆಟನ್ನು ಸ್ವಲ್ಪ ಹೊತ್ತು ತಡೆದಿಟ್ಟುಕೊಳ್ಳುವುದು) ಎಂಬ ಆಯ್ಕೆ ಇದೆ: ಇಲ್ಲ, 1 ಪ್ಯಾಕೆಟ್, 2 ಪ್ಯಾಕೆಟ್. ಒಂದೊಂದು ಪ್ಯಾಕೆಟಿಗೆ ಒಂದು ಟಿಕ್, ಎಂದರೆ ಸುಮಾರು 15.6 ಮಿಲಿಸೆಕೆಂಡ್ ತಡ ಸೇರಿಕೊಳ್ಳುತ್ತದೆ. ಬದಲಿಗೆ ಜಿಗಿತ ನಿಲ್ಲುತ್ತದೆ. ಜುಲೈಯಲ್ಲಿ 1 ಇಟ್ಟರೆ ಸಾಕು, 2ರಲ್ಲಿ ಗುಂಡು ನಿಧಾನ ಎಂದು ಕೈಗೇ ಗೊತ್ತಾಗುತ್ತದೆ. ವ್ಯಾಲರಂಟ್‌ನಲ್ಲಿ ನೆಟ್‌ವರ್ಕ್ ಬಫರಿಂಗ್ ಇದೇ ಕೆಲಸ ಮಾಡುತ್ತದೆ, ಆದರೆ ಮಿನಿಮಮ್, ಮಾಡರೇಟ್, ಮ್ಯಾಕ್ಸಿಮಮ್ ಎಂದಷ್ಟೇ ಬರೆದಿರುತ್ತದೆ. ಎಷ್ಟು ತಡ ಸೇರಿತು ಎಂದು ಆಡಿಯೇ ತಿಳಿಯಬೇಕು. ಎರಡರಲ್ಲೂ ಪರದೆಯ ಮೂಲೆಯಲ್ಲಿ ಪಿಂಗ್, ಪ್ಯಾಕೆಟ್ ನಷ್ಟ ತೋರಿಸುವಂತೆ ಮಾಡಬಹುದು. ಹಾಕಿಕೊಳ್ಳಿ. ಸೋತದ್ದು ಲೈನಿನಿಂದಲೋ ಕೈಯಿಂದಲೋ ಎಂಬ ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಹಳೇ ಲ್ಯಾಪ್‌ಟಾಪ್ ಇರುವವರಿಗೆ ವ್ಯಾಲರಂಟ್ ಸುಲಭ, ಕನಿಷ್ಠ ಅಗತ್ಯ ಇಂಟೆಲ್ ಎಚ್‌ಡಿ 4000, 4 ಜಿಬಿ ರಾಮ್. ಕೌಂಟರ್-ಸ್ಟ್ರೈಕ್ 2ಕ್ಕೆ 8 ಜಿಬಿ ರಾಮ್, 85 ಜಿಬಿ ಜಾಗ ಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅದು ತೆವಳುತ್ತದೆ. ವ್ಯಾಲರಂಟ್‌ನ ತಲೆನೋವು ವ್ಯಾನ್‌ಗಾರ್ಡ್, ಮೋಸದಾಟ ತಡೆಯುವ ಅದರ ಕಾವಲು ತಂತ್ರಾಂಶ. ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಏರ್ಪಾಡು ಎರಡೂ ಆನ್ ಇಲ್ಲದಿದ್ದರೆ ‘ವ್ಯಾನ್ 9001’ ಎಂದು ಹೇಳಿ ಬಾಗಿಲು ಹಾಕುತ್ತದೆ. ಬಯೋಸಿಗೆ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ಸ್) ಹೋಗಿ ಎರಡನ್ನೂ ಆನ್ ಮಾಡಬೇಕು. ಡಿಸ್ಕ್ ಹಳೇ ಎಂಬಿಆರ್ ಮಾದರಿಯದ್ದಾಗಿದ್ದರೆ ಮೊದಲು ಹೊಸ ಮಾದರಿಯಾದ ಜಿಪಿಟಿಗೆ ಬದಲಾಯಿಸಿ, ಇಲ್ಲವಾದರೆ ವಿಂಡೋಸೇ ಏಳುವುದಿಲ್ಲ. ಲಿನಕ್ಸ್ ಬಳಸುವವರಿಗೆ ವ್ಯಾಲರಂಟ್ ಇಲ್ಲ, ಕೌಂಟರ್-ಸ್ಟ್ರೈಕ್ ಉಂಟು.

ಬಿಜಿಎಂಐ ಬಗ್ಗೆ ಹೆಚ್ಚೇನು ಹೇಳುವುದು? ಇಲ್ಲಿ ಲೈನಿಗಿಂತ ಸೆಕೆ ದೊಡ್ಡ ವೈರಿ. ಏಪ್ರಿಲ್‌ನಲ್ಲಿ ಚಾರ್ಜಿಗೆ ಹಾಕಿಕೊಂಡು ಆಡಿದರೆ ಫೋನು ಬಿಸಿಯಾಗಿ ತಾನೇ ವೇಗ ಇಳಿಸುತ್ತದೆ. 90 ಫ್ರೇಮ್ ಎಂದು ಇಟ್ಟದ್ದು ಮೂರನೇ ಮ್ಯಾಚಿಗೆ 60ರ ಕೆಳಗೆ. ಸ್ಮೂತ್ ಗ್ರಾಫಿಕ್ಸ್, ಎಕ್ಸ್‌ಟ್ರೀಮ್ ಫ್ರೇಮ್ ರೇಟ್ ಇಟ್ಟರೆ 60ರಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಕುಣಿಯುವ 90ಕ್ಕಿಂತ ನಿಂತ 60 ಮೇಲು. ಫೋನಿನ ಕವರ್ ತೆಗೆಯಿರಿ, ಫ್ಯಾನಿನ ಅಡಿಯಲ್ಲಿ ಕೂರಿ. ಬೆವರಿನ ಬೆರಳನ್ನು ಪರದೆ ತಪ್ಪಾಗಿ ಓದುತ್ತದೆ, ಅದಕ್ಕೆ ಬೆರಳಿನ ಬಟ್ಟೆ ಟೋಪಿ ಹಾಕಿದರೆ ವ್ಯತ್ಯಾಸ ನಿಜವಾಗಿಯೂ ಗೊತ್ತಾಗುತ್ತದೆ.

ಇನ್ನು ಸ್ಟ್ರೀಮಿಂಗ್. ಹೊರಗಿನ ಕ್ಲೌಡಿಗೆ, ಎಂದರೆ ಕಂಪನಿಯ ಸರ್ವರಿನಲ್ಲಿ ಓಡುವ ಆಟಕ್ಕೆ, ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್, ಮನೆಯೊಳಗಿನದಕ್ಕೆ ಸನ್‌ಶೈನ್–ಮೂನ್‌ಲೈಟ್ ಜೋಡಿ (ಪಿಸಿಯಿಂದ ಚಿತ್ರ ಕಳಿಸುವುದು ಸನ್‌ಶೈನ್, ಇನ್ನೊಂದು ಪರದೆಯಲ್ಲಿ ತೋರಿಸುವುದು ಮೂನ್‌ಲೈಟ್) ಮತ್ತು ಸ್ಟೀಮ್ ರಿಮೋಟ್ ಪ್ಲೇ. ಇವನ್ನು ಹೋಲಿಸುವಾಗ ಬಾಯಿಮಾತು ಸಾಲದು, ಅಳೆಯಬೇಕು. ಫೋನಿನ ಸ್ಲೋಮೋಷನ್ ಕ್ಯಾಮರಾವನ್ನು 240 ಫ್ರೇಮಿಗೆ ಇಡಿ. ಕಂಟ್ರೋಲರಿನ ಬಟನ್ ಮತ್ತು ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ನಿಲ್ಲಿಸಿ ರೆಕಾರ್ಡ್ ಮಾಡಿ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಪರದೆಯ ಮೇಲಿನವನು ಅಲುಗಿದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮ್ ಅಂದರೆ 4.2 ಮಿಲಿಸೆಕೆಂಡ್, 24 ಫ್ರೇಮ್ ಅಂದರೆ 100. ಹತ್ತು ಸಲ ಮಾಡಿ, ಏಕೆಂದರೆ ಪ್ರತಿ ಸಲವೂ ಬೇರೆ ಸಂಖ್ಯೆ ಬರುತ್ತದೆ. ಸರಾಸರಿಗಿಂತ ಆ ಏರಿಳಿತವೇ ಆಟ ಕೆಡಿಸುವುದು. 16 ಫ್ರೇಮಿನೊಳಗೆ ಬಂದರೆ ಏನು ಬೇಕಾದರೂ ಆಡಬಹುದು. 24 ದಾಟಿದರೆ ರೇಸಿಂಗ್ ಕಷ್ಟ, 30 ದಾಟಿದರೆ ನಿಧಾನದ ಆಟಗಳೇ ಗತಿ. ಟಿವಿಯಲ್ಲಿ ಅಳೆಯುವಾಗ ಗೇಮ್ ಮೋಡ್ ಹಾಕಲು ಮರೆಯಬೇಡಿ. ಚಿತ್ರ ಚಂದ ಮಾಡುತ್ತೇನೆಂದು ಟಿವಿಯೇ ತಿನ್ನುವ ಸಮಯ ಕಡಿಮೆಯದ್ದಲ್ಲ.

ಫೋರ್ಜಾ ಹೊರೈಜನ್ 5 ತೆಗೆದುಕೊಳ್ಳಿ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು 100 ಮಿಲಿಸೆಕೆಂಡಿನಲ್ಲಿ ಐದೂವರೆ ಮೀಟರ್ ಹೋಗಿರುತ್ತದೆ. ಬ್ರೇಕ್ ಒತ್ತಿದ್ದು ತಿರುವಿನ ಮೊದಲು, ಹಿಡಿದದ್ದು ತಿರುವಿನ ಒಳಗೆ. ಈ ತಡ ಒಂದೇ ಸಮ ಇದ್ದರೆ ಕೈ ಒಗ್ಗಿಕೊಳ್ಳುತ್ತದೆ, ಐದೂವರೆ ಮೀಟರ್ ಮೊದಲೇ ಬ್ರೇಕ್ ಹಾಕಿದರಾಯಿತು. ಕ್ಲೌಡಿನಲ್ಲಿ ಸಂಜೆ ಎಂಟರ ಮೇಲೆ ತಡವೇ ಏರಿಳಿಯುವುದರಿಂದ ಕೈಗೆ ಲೆಕ್ಕ ಸಿಗುವುದಿಲ್ಲ. ಮೊಬೈಲ್ 5ಜಿಯಲ್ಲಿ ಇನ್ನೂ ಕಷ್ಟ: ವೇಗದ ಪರೀಕ್ಷೆಯಲ್ಲಿ ಅಂಕಿ ದೊಡ್ಡದು ಕಂಡರೂ ಪ್ಯಾಕೆಟ್‌ಗಳು ಗುಂಪು ಗುಂಪಾಗಿ ಬರುತ್ತವೆ. ಬಲಾಟ್ರೊ ತರದ ಇಸ್ಪೀಟು ಆಟಕ್ಕಾದರೆ ಇದ್ಯಾವುದೂ ತಾಗುವುದಿಲ್ಲ, ಎಷ್ಟು ತಡವಾದರೂ ಕಾರ್ಡು ಅಲ್ಲೇ ಇರುತ್ತದಲ್ಲ. ಎಕ್ಸ್‌ಬಾಕ್ಸ್ ಕ್ಲೌಡಿನ ಲಾಭ ಬೇರೆಯೇ ಉಂಟು: ಡೌನ್‌ಲೋಡ್ ಇಲ್ಲ, ಬ್ರೌಸರ್ ತೆರೆದರೆ ಆಟ ಶುರು, ಒಂದು ಆಟ ಹಿಡಿಸುತ್ತದೋ ಇಲ್ಲವೋ ಎಂದು ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು. ನೂರು ಜಿಬಿ ಇಳಿಸಿ ಬೇಜಾರಾಗುವುದಕ್ಕಿಂತ ಇದು ಒಳ್ಳೆಯದು. ಆದರೆ ಚಂದಾ ನಿಂತ ದಿನ ಆಟವೂ ನಿಲ್ಲುತ್ತದೆ. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರಿನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಮುಚ್ಚಿತು. ಕೊಂಡ ಆಟಗಳ ಹಣ ವಾಪಸ್ ಬಂತು, ಆಟಗಳು ಬರಲಿಲ್ಲ.

ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಪಿಸಿ ಒಂದಿದ್ದರೆ ಸನ್‌ಶೈನ್–ಮೂನ್‌ಲೈಟ್‌ಗೆ ಸಾಟಿ ಇಲ್ಲ, ಎರಡೂ ಉಚಿತ. ಪಿಸಿಯಲ್ಲಿ ಸನ್‌ಶೈನ್ ಹಾಕಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 47990 ಪೋರ್ಟ್ ತೆರೆದು ಹೆಸರು, ಪಾಸ್‌ವರ್ಡ್ ಇಡಬೇಕು. ಪ್ರಮಾಣಪತ್ರ ಸರಿಯಿಲ್ಲ ಎಂದು ಬ್ರೌಸರ್ ಹೆದರಿಸುತ್ತದೆ. ಅದು ನಿಮ್ಮದೇ ಯಂತ್ರ, ಮುಂದೆ ಹೋಗಿ. ಟಿವಿ ಅಥವಾ ಫೋನಿನ ಮೂನ್‌ಲೈಟ್ ತೋರಿಸುವ ನಾಲ್ಕಂಕಿ ಪಿನ್ ಅಲ್ಲಿ ಹಾಕಿದರೆ ಜೋಡಣೆ ಮುಗಿಯಿತು. 1080ಪಿ, 60, 20 ಎಂಬಿಪಿಎಸ್‌ನಿಂದ ಆರಂಭಿಸಿ. ಲ್ಯಾಪ್‌ಟಾಪಿನಲ್ಲಿ ಆಡುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೆ ನೆಟ್‌ವರ್ಕಿನ ತಡ, ಡಿಕೋಡ್ (ಬಂದ ವಿಡಿಯೋ ಬಿಚ್ಚುವ) ಸಮಯ, ಬಿದ್ದ ಫ್ರೇಮುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಡಿಕೋಡ್ ಸಮಯ 16 ಮಿಲಿಸೆಕೆಂಡ್ ದಾಟಿದರೆ ಆ ಲ್ಯಾಪ್‌ಟಾಪಿಗೆ 60 ಫ್ರೇಮ್ ಬಿಚ್ಚಲು ಆಗುತ್ತಿಲ್ಲ ಎಂದರ್ಥ. ವಿಡಿಯೋ ಕುಗ್ಗಿಸುವ ಬಗೆಯಲ್ಲಿ ಎಚ್‌ಇವಿಸಿ ಬಿಟ್ಟು ಎಚ್.264 ಹಾಕಿ ನೋಡಿ. ಮಾನಿಟರ್ ಆಫ್ ಮಾಡಿದರೆ ಚಿತ್ರವೇ ಬಾರದಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ, ಮಾನಿಟರ್ ಇದೆಯೆಂದು ನಂಬಿಸುವ ಎಚ್‌ಡಿಎಂಐ ಡಮ್ಮಿ ಪ್ಲಗ್ ಸಿಕ್ಕಿಸಿ.

ಸ್ಟೀಮ್ ರಿಮೋಟ್ ಪ್ಲೇಗೆ ಇಷ್ಟು ತಯಾರಿ ಬೇಡ, ಎರಡೂ ಕಡೆ ಒಂದೇ ಖಾತೆ ಇದ್ದರೆ ಸಾಕು. ಆದರೆ ಕೈಗೆ ಸಿಗುವ ಚುರುಕಿನಲ್ಲಿ ಮೂನ್‌ಲೈಟೇ ಮುಂದೆ.

ಮನೆಯೊಳಗಿನ ಸ್ಟ್ರೀಮಿಂಗ್ ಹಾಳಾಗುವುದು ಗೋಡೆಯಿಂದ. ನಮ್ಮ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ದಪ್ಪ ಗೋಡೆ ಎರಡು ಅಡ್ಡ ಬಂದರೆ 5 ಗಿಗಾಹರ್ಟ್ಸ್ ವೈಫೈ ಸೋಲುತ್ತದೆ. 2.4 ದಾಟುತ್ತದೆ, ಆದರೆ ಬ್ಲೂಟೂತ್ ಕಂಟ್ರೋಲರ್ ಕೂಡ ಅದೇ 2.4ರಲ್ಲಿ ಕೂತಿರುತ್ತದೆ, ಚಿತ್ರ ಸರಿಯಾಗಿದ್ದರೂ ಬಟನ್ ತಪ್ಪುವುದು ಈ ಜಗಳದಿಂದ. ಕಂಟ್ರೋಲರನ್ನು ಯುಎಸ್‌ಬಿ ವಯರಿನಲ್ಲಿ ಹಾಕಿ. ಪಿಸಿಯಿಂದ ರೂಟರಿಗೆ ಕ್ಯಾಟ್ 6 ವಯರ್ ಎಳೆಯಿರಿ, ಆಗ ವೈಫೈ ಮೇಲಿನ ಹೊರೆ ಅರ್ಧಕ್ಕೆ ಇಳಿಯುತ್ತದೆ. ಹೆಚ್ಚಿನ ಟಿವಿಗಳ ಲ್ಯಾನ್ ಕಿಂಡಿ 100 ಎಂಬಿಪಿಎಸ್‌ನದ್ದು ಎಂದು ಹೀಗಳೆಯುವವರಿದ್ದಾರೆ. 20ರ ಸ್ಟ್ರೀಮಿಗೆ ಅದು ಧಾರಾಳ.

ತಪ್ಪು ವೈಫೈಯದ್ದೋ ಲೈನಿನದ್ದೋ ಎಂದು ಹೀಗೆ ಕಂಡುಹಿಡಿಯಬಹುದು. ಮೊದಲು ರೂಟರಿಗೇ ನೂರು ಪಿಂಗ್ ಕಳಿಸಿ, ಆಮೇಲೆ ಹೊರಗಿನ ಸರ್ವರ್ ಆದ 1.1.1.1ಕ್ಕೆ. ರೂಟರಿಗೇ ನಷ್ಟ ಕಂಡರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ರೂಟರ್ ಸರಿ ಇದ್ದು ಹೊರಗೆ ನಷ್ಟವಾದರೆ ಫೈಬರ್ ಪೆಟ್ಟಿಗೆಯ ಪುಟದಲ್ಲಿ ಒಳಬರುವ ಬೆಳಕಿನ ಬಲ ನೋಡಿ (ಮೈನಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ): ಮೈನಸ್ 25 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ, ಮೈನಸ್ 27 ಮುಟ್ಟಿದರೆ ಲೈನು ಸಾಯುವ ಅಂಚಿನಲ್ಲಿದೆ. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಕೇಬಲ್ ಮಡಚಿಕೊಂಡಾಗ ಇದೇ ಆಗುವುದು. ಕೆಂಪು ದೀಪ ಹತ್ತುವ ಮೊದಲೇ ಆಟ ಕುಂಟುತ್ತದೆ. ಈ ಅಂಕಿ ಬರೆದುಕೊಂಡು ಲೈನಿನವರಿಗೆ ಹೇಳಿದರೆ ‘ರೂಟರ್ ಒಮ್ಮೆ ಆಫ್ ಮಾಡಿ’ ಎಂಬ ಮಂತ್ರದಿಂದ ತಪ್ಪಿಸಿಕೊಳ್ಳಬಹುದು.

ಕರೆಂಟು ಹೋದಾಗ ಮಾತ್ರ ಲೆಕ್ಕ ತಿರುಗುಮುರುಗು. ರೂಟರಿಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಸಣ್ಣ ಯುಪಿಎಸ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ಕ್ಲೌಡ್ ಆಟ ಮುಂದುವರಿಯುತ್ತದೆ, ಮನೆಯ ಪಿಸಿ ಮಲಗಿರುತ್ತದೆ. ಪಿಸಿಯೂ ಇನ್ವರ್ಟರಿನಲ್ಲಿದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ. ಪಿಸಿಯ ಪವರ್ ಸಪ್ಲೈ ಕರೆಂಟಿಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಸಾಮಾನ್ಯ ಮೋಡಿನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಫ್ಯಾನಿಗೆ ಗೊತ್ತಾಗುವುದಿಲ್ಲ, ಪಿಸಿ ರೀಸ್ಟಾರ್ಟ್ ಆಗುತ್ತದೆ. ಗುಡುಗು ಶುರುವಾದರೆ ಯುಪಿಎಸ್ ನಂಬಿ ಕೂರಬೇಡಿ. ಫೈಬರಿನ ಗಾಜಿನಲ್ಲಿ ಮಿಂಚು ಹರಿಯುವುದಿಲ್ಲ ನಿಜ, ಆದರೆ ಅಡಾಪ್ಟರಿನಿಂದ ರೂಟರಿಗೆ, ರೂಟರಿನಿಂದ ಲ್ಯಾನ್ ವಯರ್ ಹಿಡಿದು ಪಿಸಿಗೆ ಬರುತ್ತದೆ. ಪ್ಲಗ್ ಮಾತ್ರ ಎಳೆದರೆ ಸಾಲದು, ಲ್ಯಾನ್ ವಯರನ್ನೂ ತೆಗೆಯಬೇಕು.

ಮಣಿಪಾಲದ ರೂಮಿನಿಂದ ಮನೆಯ ಪಿಸಿ ತೆರೆದು ಆಡುವ ಆಸೆ ಇರುವವರಿಗೆ ಒಂದು ಮಾತು. ಬಹಳಷ್ಟು ಲೈನುಗಳಲ್ಲಿ ನಿಮಗೆ ಇಂಟರ್‌ನೆಟ್ಟಿನಲ್ಲಿ ಸ್ವಂತ ಹೊರವಿಳಾಸ ಕೊಟ್ಟಿರುವುದಿಲ್ಲ, ಪೋರ್ಟ್ ತೆರೆದರೂ ಒಳಗೆ ಬರಲಾಗದು. ಎರಡೂ ಕಡೆ ಟೇಲ್‌ಸ್ಕೇಲ್ (ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ತಂತ್ರಾಂಶ) ಹಾಕಿ, ಟೇಲ್‌ಸ್ಕೇಲ್ ಪಿಂಗ್ ಕಮಾಂಡ್ ಕೊಟ್ಟು ನೋಡಿ. ಉತ್ತರದಲ್ಲಿ ನೇರ ವಿಳಾಸ ಕಂಡರೆ ಆಡಬಹುದು. ‘ಡರ್ಪ್’ ಎಂದು ಕಂಡರೆ ದಾರಿ ನಡುವಿನ ರಿಲೇ ಸರ್ವರ್ ಮೂಲಕ ಹೋಗುತ್ತಿದೆ, ಫೈಲ್ ಕಳಿಸಲು ಸಾಕು, ಫೋರ್ಜಾಕ್ಕೆ ಸಾಲದು. ಆಮೇಲೆ ನೋಡಬೇಕಾದದ್ದು ಮನೆಯ ಅಪ್‌ಲೋಡ್. ಮದುವೆಯ ವಿಡಿಯೋ ಯಾರಾದರೂ ಅದೇ ಹೊತ್ತಿಗೆ ಮೇಲಕ್ಕೆ ಕಳಿಸುತ್ತಿದ್ದರೆ 20 ಬಿಡಿ, 8 ಎಂಬಿಪಿಎಸ್ ಕೂಡ ನಿಲ್ಲದು. ರೂಟರಿನಲ್ಲಿ ಕ್ಯೂಒಎಸ್ (ಯಾವುದಕ್ಕೆ ಮೊದಲು ದಾರಿ ಎಂದು ಹಂಚುವ ಸೌಲಭ್ಯ) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ 85–90 ಶೇಕಡಕ್ಕೆ ಕಟ್ಟಿ.