ಆ ಪೋಸ್ಟರಿನಲ್ಲಿರುವುದು ನಾನೇ. ನನಗೆ ಕೆಲಸ ಸಿಕ್ಕಿಲ್ಲ. ದುಡ್ಡು ಕಟ್ಟಬೇಡಿ

ಮೊನ್ನೆ ರಾತ್ರಿ ನಮ್ಮ ಕಾಲೇಜಿನ ಜೂನಿಯರ್ ಹುಡುಗಿ ಫೋನ್ ಮಾಡಿದಳು. "ಅಕ್ಕ, ನಿಮಗೆ ಕೆಲಸ ಸಿಕ್ತಂತೆ, ನೋಡಿ ಖುಷಿ ಆಯ್ತು. ನಾನೂ ಅಲ್ಲೇ ಸೇರ್ತಾ ಇದೀನಿ. ನಾಳೆ ಹದಿನೈದು ಸಾವಿರ ಕಟ್ಟಬೇಕು" ಅಂದಳು. ಎಲ್ಲಿ ನೋಡಿದೆ ಅಂತ ಕೇಳಿದೆ. ಒಂದು ಪೋಸ್ಟರ್ ಕಳಿಸಿದಳು. ಅದರಲ್ಲಿ ನಾನಿದ್ದೆ. ನೀಲಿ ಕುರ್ತಾ, ಕೈಯಲ್ಲಿ ಬ್ರಷ್, ಹಿಂದೆ ನಮ್ಮ ಮನೆಯ ಹಸಿರು ಕಿಟಕಿ. ಕೆಳಗೆ ಹೀಗೆ ಬರೆದಿದ್ದರು: "ನಮ್ಮಲ್ಲಿ ತರಬೇತಿ ಪಡೆದು ಕೆಲಸಕ್ಕೆ ಸೇರಿದ ಕಲಾವಿದರು."

ನಾನು ಯಾವ ಕೆಲಸಕ್ಕೂ ಸೇರಿಲ್ಲ. ಹನ್ನೊಂದು ತಿಂಗಳಿಂದ ದಾವಣಗೆರೆಯಲ್ಲಿ ಅಪ್ಪನ ಮನೆಯಲ್ಲಿದ್ದೇನೆ.

ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಾಚಿಕೆ. 46,980 ರೂಪಾಯಿ ಕಳೆದುಕೊಂಡೆ ಅಂತ ಬಾಯಿ ಬಿಟ್ಟು ಹೇಳುವುದು ಸುಲಭ ಅಲ್ಲ. ಅಪ್ಪನಿಗೆ ಇವತ್ತಿಗೂ ಪೂರ್ತಿ ಲೆಕ್ಕ ಗೊತ್ತಿಲ್ಲ. ಇದನ್ನು ಓದಿ ಯಾರಾದರೂ ಅವರಿಗೆ ಹೇಳುತ್ತಾರೆ. ಹೇಳಲಿ. ನನ್ನ ಮುಖ ತೋರಿಸಿ ಇನ್ನೊಬ್ಬ ಹುಡುಗಿಯ ದುಡ್ಡು ಕೀಳುತ್ತಿದ್ದಾರೆ ಅಂದ ಮೇಲೆ ಸುಮ್ಮನೆ ಕೂರೋಕೆ ಆಗಲ್ಲ.

ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯುವವರೆಗೆ ಬೇಡ ಅಂತ ಪರಿಚಯದ ವಕೀಲರು ಹೇಳಿದ್ದಾರೆ. ಹೆಸರು ಬದಲಾಯಿಸುವುದು ಇಂಥವರಿಗೆ ದೊಡ್ಡ ವಿಷಯವೂ ಅಲ್ಲ. ಅವರು ಹೇಗೆ ಮಾತಾಡುತ್ತಾರೆ ಅನ್ನುವುದನ್ನು ನೋಡಿಟ್ಟುಕೊಳ್ಳಿ.

ನಾನು 2018ರಲ್ಲಿ ಬಿವಿಎ (ಚಿತ್ರಕಲೆಯ ಪದವಿ) ಮುಗಿಸಿದವಳು. ಅಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ನಿಂತಿತು. ನಾನು ಬೆಂಗಳೂರಿನಲ್ಲಿ ಮಕ್ಕಳ ಪಾಠದ ವಿಡಿಯೋ ಮಾಡುವ ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದೆ. ಒಂದು ಸೋಮವಾರ ನಮ್ಮ ಟೀಮಿನ 23 ಜನರನ್ನು ಒಟ್ಟಿಗೆ ತೆಗೆದರು. ಆಮೇಲೆ ಎಲ್ಲಿ ಹೋದರೂ ಒಂದೇ ಮಾತು. "ಚಿತ್ರ ಎಐನಲ್ಲೇ ಮಾಡ್ಕೋತೀವಿ, ನೀವು ಬೆರಳು, ಕಣ್ಣು ತಿದ್ದಿ ಕೊಡಿ, ಒಂದಕ್ಕೆ 150." ಪಿಜಿ ಬಾಡಿಗೆ ಕಟ್ಟೋಕಾಗದೆ ಊರಿಗೆ ಬಂದೆ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಕೇಳೋಣ ಅಂದರೆ ಅದು 2022-23ರಲ್ಲಿ ಪಾಸಾದವರಿಂದ ಶುರು, ನಮ್ಮ ಬ್ಯಾಚಿಗೆ ಇಲ್ಲ.

ಆ ಹೊತ್ತಿಗೆ ಇವರ ಜಾಹೀರಾತು ಕಣ್ಣಿಗೆ ಬಿತ್ತು. ಕೆಲಸ ಕಳೆದುಕೊಂಡ ಕಲಾವಿದರಿಗೆ ಆರು ತಿಂಗಳ ಕೆರಿಯರ್ ಪ್ರೋಗ್ರಾಂ. ಪೋರ್ಟ್‌ಫೋಲಿಯೋ ಮಾಡಿಸುತ್ತಾರೆ, ಹಿರಿಯ ಕಲಾವಿದರು ಮಾರ್ಗದರ್ಶನ ಮಾಡುತ್ತಾರೆ, ಮೂರು ಇಂಟರ್‌ವ್ಯೂ ಗ್ಯಾರಂಟಿ. ಕನ್ನಡದಲ್ಲೇ ಬರೆದಿದ್ದರು. ಅದನ್ನು ನೋಡಿಯೇ ಅರ್ಧ ನಂಬಿದ್ದೆ.

ಬೆಳಿಗ್ಗೆ 11ಕ್ಕೆ ನನ್ನ ಚಿತ್ರಗಳನ್ನು ಕಳಿಸಿದೆ. 11:40ಕ್ಕೆ ಫೋನ್ ಬಂತು. 400 ಅರ್ಜಿಯಲ್ಲಿ 20 ಜನರನ್ನು ಆರಿಸಿದ್ದೇವೆ, ಅದರಲ್ಲಿ ನೀವೊಬ್ಬರು ಅಂತ. ನಲವತ್ತು ನಿಮಿಷದಲ್ಲಿ! ಅದು ನನಗೆ ಅವತ್ತು ಹೊಳೆಯಲೇ ಇಲ್ಲ. ಯಾಕಂದರೆ ಆ ಕೌನ್ಸೆಲರ್ ಹುಡುಗಿ ನನ್ನ ಒಂದು ಚಿತ್ರದ ಬಗ್ಗೆ ಮಾತಾಡಿದಳು. ಅಪ್ಪ ಬೋರ್ಡ್ ಬರೆಯುವಾಗಿನ ಕೈಗಳ ಚಿತ್ರ ಅದು. "ಈ ಕೈಗಳನ್ನ ನೋಡಿ ನಮ್ಮ ಸರ್ ಅತ್ತುಬಿಟ್ರು ಮೇಡಂ" ಅಂದಳು. ಆರು ತಿಂಗಳಿಂದ ನನ್ನ ಚಿತ್ರದ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ನಾನು ಬಿದ್ದಿದ್ದು ಅಲ್ಲೇ. ಗ್ಯಾರಂಟಿಗೂ ಅಲ್ಲ, ಸರ್ಟಿಫಿಕೇಟಿಗೂ ಅಲ್ಲ, ಆ ಮಾತಿಗೆ.

(ಆಮೇಲೆ ಬ್ಯಾಚಿನ ಇನ್ನೊಬ್ಬ ಹುಡುಗಿ ಪರಿಚಯ ಆದಳು, ಕಲಬುರಗಿಯವಳು. ಅವಳ ಅಜ್ಜಿಯ ಚಿತ್ರ ನೋಡಿಯೂ ಸರ್ ಅತ್ತಿದ್ದರಂತೆ.)

ಫೀಸು 36,000. ಮೊದಲು 15,000 ಕಟ್ಟಿ ಸೀಟು ಹಿಡಿಯಬೇಕು, ಉಳಿದ 21,000 ಹತ್ತು ದಿನದಲ್ಲಿ. ಆಮೇಲೆ "18% ಜಿಎಸ್‌ಟಿ ಬೇರೆ ಆಗುತ್ತೆ ಮೇಡಂ" ಅಂತ 6,480. ಅವ್ವ ಚೀಟಿ ಎತ್ತಿ ಕೊಟ್ಟಳು. ಅದು ಮನೆಯ ಸೂರು ಸರಿ ಮಾಡಿಸೋಕೆ ಇಟ್ಟಿದ್ದ ದುಡ್ಡು. ರಸೀದಿ ಬಂತು, ಅದರ ಮೇಲೆ ಜಿಎಸ್‌ಟಿ ನಂಬರೇ ಇರಲಿಲ್ಲ. ನಂಬರ್ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ.

ಅನುಮಾನ ಬಂದಿರಲಿಲ್ಲ ಅಂತಲ್ಲ. "ನಿಮ್ಮದು ಸರ್ಕಾರದ ಮಾನ್ಯತೆ ಇರೋ ಸಂಸ್ಥೆನಾ?" ಅಂತ ನೇರವಾಗಿ ಕೇಳಿದ್ದೆ. ತಕ್ಷಣ ಒಂದು ಸರ್ಟಿಫಿಕೇಟ್ ಕಳಿಸಿದರು. ಮೇಲೆ ಭಾರತ ಸರ್ಕಾರ ಅಂತಿತ್ತು, ಲಾಂಛನ ಇತ್ತು. ಅದು ಉದ್ಯಮ್ ರಿಜಿಸ್ಟ್ರೇಷನ್. ಸಣ್ಣ ಉದ್ಯಮ ನಡೆಸುವ ಯಾರು ಬೇಕಾದರೂ ಆಧಾರ್ ನಂಬರ್ ಹಾಕಿ, ತಾವೇ ವಿವರ ತುಂಬಿ, ಒಂದು ರೂಪಾಯಿ ಖರ್ಚಿಲ್ಲದೆ ಪಡೆಯಬಹುದು. ಹಿಟ್ಟಿನ ಗಿರಣಿಯವರಿಗೂ ಸಿಗುತ್ತದೆ. ಅದು ತರಬೇತಿಗೆ ಮಾನ್ಯತೆ ಅಲ್ಲ, ಯಾವುದಕ್ಕೂ ಮಾನ್ಯತೆ ಅಲ್ಲ. ನಾನು ಲಾಂಛನ ನೋಡಿ ಸುಮ್ಮನಾದೆ.

ಕ್ಲಾಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾನುವಾರ ಒಂದು ಗಂಟೆ ಜೂಮ್. ಇಪ್ಪತ್ತು ಜನ ಅಂದಿದ್ದರು, ಅರವತ್ತಕ್ಕೂ ಜಾಸ್ತಿ ಇದ್ದೆವು. ಹಿರಿಯ ಕಲಾವಿದರು ಯಾರೂ ಬರಲಿಲ್ಲ. ಪೋರ್ಟ್‌ಫೋಲಿಯೋ ಅಂತ ಕೊಟ್ಟಿದ್ದು ಪುಕ್ಕಟೆ ಸಿಗುವ ಒಂದು ಟೆಂಪ್ಲೇಟು, ಅದರಲ್ಲಿ ನನ್ನ ಹೆಸರನ್ನೇ ತಪ್ಪಾಗಿ ಬರೆದಿದ್ದರು. ಮೂರು ಇಂಟರ್‌ವ್ಯೂನಲ್ಲಿ ಒಂದು ಇನ್ಶೂರೆನ್ಸ್ ಮಾರುವ ಕೆಲಸಕ್ಕೆ. ಇನ್ನೊಂದು ಮಕ್ಕಳ ಪುಸ್ತಕದ ಕಂಪನಿ ಅಂದರು, ಟೆಸ್ಟ್ ಅಂತ 12 ಪುಟದ ಕಥೆಗೆ ಚಿತ್ರ ಬರೆಸಿದರು. ಒಂಬತ್ತು ದಿನ ಕೂತು ಬರೆದೆ. ಉತ್ತರ ಬರಲೇ ಇಲ್ಲ. ಅದರಲ್ಲಿ ಎರಡು ಚಿತ್ರ ಈಗ ಇದೇ ಪೋಸ್ಟರಿನ ಮೂಲೆಯಲ್ಲಿವೆ. ಮೂರನೇ ಇಂಟರ್‌ವ್ಯೂ ಆಗಲೇ ಇಲ್ಲ.

ಈಗ ಸ್ಕಾಲರ್‌ಶಿಪ್ ವಿಷಯ.

ಮೂರನೇ ತಿಂಗಳಲ್ಲಿ ಅದೇ ಕೌನ್ಸೆಲರ್ ಹುಡುಗಿ ಫೋನ್ ಮಾಡಿದಳು. "ಮೇಡಂ, ಕೇಂದ್ರ ಸರ್ಕಾರದಿಂದ ಯುವ ಕಲಾವಿದರಿಗೆ ಸ್ಕಾಲರ್‌ಶಿಪ್ ಇದೆ. ತಿಂಗಳಿಗೆ 5,000, ಎರಡು ವರ್ಷ. ನಿಮ್ಮ ಪರವಾಗಿ ನಾವೇ ಅರ್ಜಿ ಹಾಕ್ತೀವಿ. ಪ್ರೊಸೆಸಿಂಗ್ 4,500." ಆ ಸ್ಕಾಲರ್‌ಶಿಪ್ ನಿಜವಾಗಿಯೂ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ್ದು, ಅದರ ಕೆಳಗಿನ ಸಿಸಿಆರ್‌ಟಿ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಹುಡುಕಿ ನೋಡಿದೆ, ಇತ್ತು. ಇದೆಯಲ್ಲ ಅಂತ ಅಷ್ಟಕ್ಕೇ ನಿಲ್ಲಿಸಿ ದುಡ್ಡು ಹಾಕಿದೆ. ನಿಯಮ ಓದಲಿಲ್ಲ.

ವಾರಕ್ಕೊಮ್ಮೆ ಕೇಳುತ್ತಿದ್ದೆ. "ಪ್ರೊಸೆಸ್‌ನಲ್ಲಿದೆ ಮೇಡಂ." ಮುಂದಿನ ವಾರ ಮತ್ತೆ. "ಪ್ರೊಸೆಸ್‌ನಲ್ಲಿದೆ ಮೇಡಂ." ಎರಡು ತಿಂಗಳು ಹೀಗೇ ಆಯಿತು. ಒಂದು ಸಂಜೆ ಕರೆಂಟ್ ಹೋಗಿತ್ತು. ಅಡುಗೆಮನೆ ಕಟ್ಟೆ ಮೇಲೆ ಕೂತು, ಮೊಬೈಲಿನಲ್ಲಿ ಆ ಯೋಜನೆಯ ನಿಯಮ ತೆಗೆದು ಮೊದಲಿಂದ ಓದಿದೆ. ವಯಸ್ಸು 18ರಿಂದ 25.

ನನಗೆ 29.

ತಪ್ಪು ಓದಿದೆನೇನೋ ಅಂತ ಮತ್ತೆ ಓದಿದೆ. 18ರಿಂದ 25. ನನ್ನ ಆಧಾರ್ ಅವರ ಹತ್ತಿರ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದೆ. ಹುಟ್ಟಿದ ದಿನ ಗೊತ್ತಿದ್ದೇ ದುಡ್ಡು ತಗೊಂಡಿದ್ದಾರೆ. ಅರ್ಜಿ ಹಾಕಿಯೇ ಇಲ್ಲ, ಹಾಕೋಕೆ ಬರುವುದೇ ಇಲ್ಲ! ಎರಡು ತಿಂಗಳು ಪ್ರೊಸೆಸ್‌ನಲ್ಲಿದ್ದದ್ದು ಏನು ಹಾಗಾದರೆ? ಅವ್ವ ಪಕ್ಕದಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಳು. "ಏನಾಯ್ತೇ?" ಅಂದಳು. ಏನಿಲ್ಲ ಅಂದೆ.

ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಅದೇ ಸಚಿವಾಲಯದ ಜೂನಿಯರ್ ಫೆಲೋಶಿಪ್ ಅಂತ ಬೇರೆ ಇದೆ. 25ರಿಂದ 40 ವಯಸ್ಸಿನವರಿಗೆ. ತಿಂಗಳಿಗೆ 10,000, ಎರಡು ವರ್ಷ. 40 ದಾಟಿದವರಿಗೆ ಸೀನಿಯರ್ ಫೆಲೋಶಿಪ್, ತಿಂಗಳಿಗೆ 20,000. ಜೂನಿಯರ್‌ಗೆ ನಾನು ಅರ್ಜಿ ಹಾಕಬಹುದಿತ್ತು. ಸಿಗುತ್ತಿತ್ತೋ ಇಲ್ಲವೋ, ಹಾಕಬಹುದಿತ್ತು. ಇವರು ಅದರ ಹೆಸರೇ ಎತ್ತಲಿಲ್ಲ. ನಾನು ನೋಡುವಷ್ಟರಲ್ಲಿ ಆ ಸಲದ ಕೊನೆಯ ದಿನ ಮುಗಿದಿತ್ತು. ಕಲಾವಿದರಿಗೆ ದಾರಿ ತೋರಿಸುತ್ತೇವೆ ಅಂತ ದುಡ್ಡು ತಗೊಂಡವರು ಇದ್ದ ಒಂದು ದಾರಿಯನ್ನೂ ಹೇಳಲಿಲ್ಲ.

ದುಡ್ಡು ವಾಪಸ್ ಕೇಳಿದೆ. ಅವರ ಉತ್ತರಗಳನ್ನು ಬಂದ ಹಾಗೇ ಬರೆಯುತ್ತೇನೆ.

ಮೊದಲ ಉತ್ತರ: "ಮೇಡಂ, ನೀವು ಪ್ರೋಗ್ರಾಂ ಅನ್ನು ಪೂರ್ತಿ ಮನಸ್ಸಿಟ್ಟು ಮಾಡಿಲ್ಲ. ನಿಮ್ಮಲ್ಲಿ ನೆಗೆಟಿವ್ ಎನರ್ಜಿ ಜಾಸ್ತಿ ಇದೆ."

ವಯಸ್ಸಿನ ನಿಯಮದ ಸ್ಕ್ರೀನ್‌ಶಾಟ್ ಕಳಿಸಿದೆ. "ವಯಸ್ಸಿನ ಸಡಿಲಿಕೆಗೆ ಮೇಲಿನ ಲೆವೆಲ್‌ನಲ್ಲಿ ಮಾತಾಡ್ತಾ ಇದೀವಿ."

ಹಾಗಾದರೆ ಅರ್ಜಿ ನಂಬರ್ ಕೊಡಿ ಅಂದೆ. ಎರಡು ದಿನ ನೀಲಿ ಟಿಕ್ ಮಾತ್ರ. ಆಮೇಲೆ, "ಅದು ಆಫೀಸಿನ ಒಳಗಿನ ದಾಖಲೆ, ಕೊಡಲು ಬರುವುದಿಲ್ಲ." ನನ್ನ ಹೆಸರಿನ ಅರ್ಜಿ, ನನಗೇ ಕೊಡಲು ಬರುವುದಿಲ್ಲ!

ಕೊನೆಗೆ ಸರ್ ಅವರೇ ಫೋನ್ ಮಾಡಿದರು. ನನ್ನಪ್ಪನ ಕೈ ನೋಡಿ ಅತ್ತರಂತಲ್ಲ, ಅವರು. "ನೋಡಮ್ಮ, ನಾವು ಗ್ಯಾರಂಟಿ ಕೊಟ್ಟಿದ್ದು ಇಂಟರ್‌ವ್ಯೂಗೆ, ಕೆಲಸಕ್ಕಲ್ಲ. ಕಲಾವಿದರ ಹತ್ರ ಇದೇ ತೊಂದ್ರೆ, ವ್ಯವಹಾರ ಗೊತ್ತಿರಲ್ಲ" ಅಂದರು. ದುಡ್ಡು ಕಟ್ಟುವವರೆಗೆ ನಾನು ಮೇಡಂ, ವಾಪಸ್ ಕೇಳಿದಾಗ ನೋಡಮ್ಮ. ಇಂಟರ್‌ವ್ಯೂ ಕೂಡ ಮೂರು ಆಗಿಲ್ಲವಲ್ಲ ಸರ್ ಅಂದೆ. ಅದಕ್ಕೆ ಅವರು ಹೇಳಿದ್ದು: "ನಿನ್ನ ಚಿತ್ರ ಅಷ್ಟು ಚೆನ್ನಾಗಿದ್ದಿದ್ರೆ ಇದ್ದ ಕೆಲಸ ಯಾಕಮ್ಮ ಹೋಗ್ತಿತ್ತು?"

ನಾನು ಫೋನ್ ಇಟ್ಟೆ. ಏನೂ ಹೇಳಲಿಲ್ಲ. ಈಗ ಯೋಚಿಸಿದರೆ ಎಷ್ಟೋ ಹೇಳಬಹುದಿತ್ತು. ಆವತ್ತು ಬಾಯಿ ಬರಲಿಲ್ಲ. ಅರ್ಧ ಗಂಟೆಯಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದರು. ಅಲ್ಲಿದ್ದ ಬೇರೆಯವರಿಗೆ ಹೇಳೋಕೂ ಆಗಲಿಲ್ಲ. ಒಂದು ತಿಂಗಳು ನಾನು ಬ್ರಷ್ ಮುಟ್ಟಲಿಲ್ಲ.

ಪೋಸ್ಟರಿನ ಬಗ್ಗೆ ಮೊನ್ನೆ ಮೆಸೇಜ್ ಮಾಡಿದರೆ, "ಫೋಟೋ ಬಳಸಲು ಫಾರಂನಲ್ಲಿ ಒಪ್ಪಿಗೆ ಕೊಟ್ಟಿದ್ದೀರಿ" ಅಂದರು. ಫಾರಂ ತೆಗೆದು ನೋಡಿದೆ. ಹೌದು, ಪ್ರಚಾರಕ್ಕೆ ಬಳಸಬಹುದು ಅಂತ ಸಣ್ಣಕ್ಷರದಲ್ಲಿದೆ. ಕೆಲಸ ಸಿಗದವಳಿಗೆ ಕೆಲಸ ಸಿಕ್ಕಿದೆ ಅಂತ ಬರೆಯೋಕೆ ನಾನು ಒಪ್ಪಿಗೆ ಕೊಟ್ಟಿಲ್ಲ.

ದಯವಿಟ್ಟು ಇಷ್ಟು ಮಾಡಿ. ಸರ್ಕಾರದ ಸ್ಕಾಲರ್‌ಶಿಪ್, ಫೆಲೋಶಿಪ್ ಏನೇ ಇದ್ದರೂ ನಿಯಮ ನೀವೇ ಓದಿ, ನೀವೇ ಅರ್ಜಿ ಹಾಕಿ. ವಯಸ್ಸಿನ ಸಾಲು ಮೊದಲು ಓದಿ. ಬೆಂಗಳೂರಿನ ಚಿತ್ರಸಂತೆಯಲ್ಲಿ ಸ್ಟಾಲ್ ಕೊಡಿಸುತ್ತೇವೆ ಅನ್ನುವವರೂ ಇದ್ದಾರೆ. ಅದನ್ನು ನಡೆಸುವುದು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಕೇಳುವುದಾದರೆ ಅಲ್ಲೇ ಕೇಳಿ. ಕರ್ನಾಟಕ ಲಲಿತಕಲಾ ಅಕಾಡೆಮಿ ವಿಷಯ ಇದ್ದರೆ ಜೆ.ಸಿ. ರಸ್ತೆಯ ಕನ್ನಡ ಭವನಕ್ಕೆ ಹೋಗಿ. ಟೆಸ್ಟ್ ಅಂತ ಒಂದಕ್ಕಿಂತ ಜಾಸ್ತಿ ಚಿತ್ರ ಕೇಳಿದರೆ ಕೊಡಬೇಡಿ. ಕೊಡುವ ಒಂದರ ಮೇಲೂ ಅಡ್ಡಲಾಗಿ ಹೆಸರು ಬರೆದು, ಸಣ್ಣ ಸೈಜಿನಲ್ಲಿ ಕಳಿಸಿ. ರಸೀದಿಯಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರ್ ಇದ್ದರೆ ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ. ಮತ್ತೆ, ನಿಮ್ಮ ಚಿತ್ರ ನೋಡಿ ಯಾರಾದರೂ ಅತ್ತರು ಅಂತ ಫೋನಿನಲ್ಲಿ ಹೇಳಿದರೆ ಫೋನ್ ಇಟ್ಟುಬಿಡಿ.

ದುಡ್ಡು ಈಗಷ್ಟೇ ಹೋಗಿದ್ದರೆ ಒಂದು ಗಂಟೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಐದು ತಿಂಗಳು ಸುಮ್ಮನಿದ್ದೆ. ಈಗ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಸಂಸ್ಥೆ ಬೆಂಗಳೂರಿನದ್ದು, ಕೇಸಿಗೆ ಅಲ್ಲಿಗೆ ಓಡಾಡಬೇಕು ಅಂತ ಹೆದರಿದ್ದೆ. ಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು, ಕಟ್ಟಿದ ದುಡ್ಡು 5 ಲಕ್ಷದವರೆಗೆ ಇದ್ದರೆ ಕೇಸಿಗೆ ಫೀಸೂ ಇಲ್ಲ. ಅದಕ್ಕೆ ಕಾಗದ ಜೋಡಿಸುತ್ತಿದ್ದೇನೆ. ಕಲಬುರಗಿಯ ಆ ಹುಡುಗಿಯೂ ಅವಳ ಜಿಲ್ಲೆಯಲ್ಲಿ ಹಾಕುತ್ತಾಳೆ. ಆ ಬ್ಯಾಚಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ, ನಾಚಿಕೆ ಬೇಡ.

ಮೊನ್ನೆ ಫೋನ್ ಮಾಡಿದ ಜೂನಿಯರ್ ಹುಡುಗಿ ದುಡ್ಡು ಕಟ್ಟಲಿಲ್ಲ. ಆದರೆ ಪೋಸ್ಟರ್ ಇವತ್ತು ಬೆಳಿಗ್ಗೆಯೂ ಓಡಾಡುತ್ತಿತ್ತು. ಹೊಸ ಬ್ಯಾಚ್ ಒಂದನೇ ತಾರೀಖಿಗೆ ಶುರುವಂತೆ. ನೀಲಿ ಕುರ್ತಾ, ಕೈಯಲ್ಲಿ ಬ್ರಷ್, ಹಿಂದೆ ಹಸಿರು ಕಿಟಕಿ. ನಿಮ್ಮ ಮೊಬೈಲಿಗೆ ಬಂದರೆ ಕಳಿಸಿದವರಿಗೆ ಹೇಳಿ, ಆ ಹುಡುಗಿಗೆ ಕೆಲಸ ಸಿಕ್ಕಿಲ್ಲ ಅಂತ.