ಕಾಲೇಜಿನ ಕೌನ್ಸೆಲಿಂಗ್ ರೂಮಿಗೆ ಹೋಗುವ ಮುಂಚೆ ಇಷ್ಟು ಕೇಳಿಕೊಳ್ಳಿ

ಆ ಫಾರ್ಮ್‌ನಲ್ಲಿ ಅಪ್ಪನ ಫೋನ್ ನಂಬರ್ ಬರೆಯುವುದಕ್ಕೆ ಒಂದು ಜಾಗ ಇತ್ತು. ಇದು ಯಾಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಬರೆದುಕೊಟ್ಟೆ.

ನಾನು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವನು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಸಿಇಟಿ ಬರೆದು ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೂರನೇ ಸೆಮಿಸ್ಟರ್ ಹೊತ್ತಿಗೆ ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿದ್ದವು. ರಾತ್ರಿ ಮೂರಾದರೂ ನಿದ್ದೆ ಬರುತ್ತಿರಲಿಲ್ಲ. ಕ್ಲಾಸಿನಲ್ಲಿ ನನ್ನ ಹೆಸರು ಕರೆದರೆ ಸಾಕು, ಎದೆ ಡವಡವ ಅನ್ನುತ್ತಿತ್ತು. ಮೆಸ್‌ಗೆ ಹೋಗುವುದನ್ನೂ ಬಿಟ್ಟಿದ್ದೆ.

ಸೇರಿದ ಮೊದಲ ದಿನವೇ ಹೇಳಿದ್ದರು, ನಮ್ಮಲ್ಲಿ ಕೌನ್ಸೆಲಿಂಗ್ ಸೆಲ್ ಇದೆ, ಏನೇ ಕಷ್ಟ ಇದ್ದರೂ ಬನ್ನಿ, ಯಾರಿಗೂ ಗೊತ್ತಾಗುವುದಿಲ್ಲ ಅಂತ. ನಾನು ಅದನ್ನು ಪೂರ್ತಿ ನಂಬಿದ್ದೆ.

ಹೋದೆ. ಬಾಗಿಲು ಅರ್ಧ ತೆರೆದೇ ಇತ್ತು. ನಾನು ಮಾತಾಡುತ್ತಿರುವಾಗಲೇ ಎರಡು ಸಲ ಅಟೆಂಡರ್ ಬಂದು ಯಾವುದೋ ರಿಜಿಸ್ಟರ್‌ಗೆ ಸಹಿ ಹಾಕಿಸಿಕೊಂಡು ಹೋದರು. ಮೇಡಂ ಒಳ್ಳೆಯವರೇ. ನೀರು ಕೊಟ್ಟರು, ಸಮಾಧಾನವಾಗಿ ಕೇಳಿಸಿಕೊಂಡರು. ಮಾತಿನ ಮಧ್ಯೆ ನಾನು, "ಎಲ್ಲಾ ಬಿಟ್ಟು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸುತ್ತೆ ಮೇಡಂ" ಅಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಊರು, ನಮ್ಮ ಹೊಲ. ಅವರು ತಲೆ ತಗ್ಗಿಸಿ ತುಂಬಾ ಹೊತ್ತು ಬರೆದರು. ಹಾಗಂದರೆ ಏನು ಅಂತ ಒಂದು ಮಾತು ಕೇಳಲಿಲ್ಲ.

ಮರುದಿನ ಎಚ್‌ಓಡಿ, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, ಕರೆಸಿದರು. ಅವರ ಟೇಬಲ್ ಮೇಲೆ ನನ್ನ ಫಾರ್ಮ್ ಇತ್ತು. ಹಾಸ್ಟೆಲ್ ವಾರ್ಡನ್ ಪಕ್ಕದಲ್ಲೇ ಕೂತಿದ್ದರು. ನನಗೆ ಹೇಳುವುದಕ್ಕೂ ಮುಂಚೆ ಅಪ್ಪನಿಗೆ ಫೋನ್ ಹೋಗಿತ್ತು. "ನಿಮ್ಮ ಮಗ ಏನಾದರೂ ಮಾಡಿಕೊಂಡುಬಿಡಬಹುದು, ತಕ್ಷಣ ಬಂದು ಕರೆದುಕೊಂಡು ಹೋಗಿ" ಅಂದಿದ್ದರಂತೆ.

ಅದು ಗೋವಿನಜೋಳ ಬಿಡಿಸುವ ಸಮಯ. ಮಷಿನ್‌ಗೆ ಹೇಳಿಯಾಗಿತ್ತು, ಆಳುಗಳು ಬಂದಿದ್ದರು. ಅಪ್ಪ ಎಲ್ಲಾ ಹಾಗೇ ಬಿಟ್ಟು ರಾತ್ರಿ ಬಸ್ಸು ಹತ್ತಿದ್ದರು. ಬೆಳಿಗ್ಗೆ ಐದೂವರೆಗೆ ಹಾಸ್ಟೆಲ್ ಗೇಟಿನಲ್ಲಿ ನಿಂತಿದ್ದರು. ಅಂಗಿ ಮೇಲೆ ಜೋಳದ ಧೂಳು ಹಾಗೇ ಇತ್ತು. ನನ್ನ ಎರಡೂ ಕೈ ಹಿಡಿದು, ಅಂಗೈ ಮುಂಗೈ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ "ಆರಾಮ ಅದಿಯಿಲ್ಲೋ ತಮ್ಮಾ?" ಅಂದರು. ಫೋನ್ ಬಂದಾಗಿನಿಂದ ಅವರು ಒಂದು ತುತ್ತೂ ತಿಂದಿರಲಿಲ್ಲ.

ಹತ್ತು ಗಂಟೆಗೆ ಎಚ್‌ಓಡಿ ರೂಮು. "ನೋಡಿ ಯಜಮಾನರೇ, ಇದಕ್ಕೊಂದು ಸಹಿ ಹಾಕಿಬಿಡಿ" ಅಂತ ಒಂದು ಹಾಳೆ ಕೊಟ್ಟರು. ಪೂರ್ತಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಮುಚ್ಚಳಿಕೆ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು "ಏನೈತಿ ಓದಪಾ" ಅಂದರು. ನಾನೇ ಓದಿ, ಕನ್ನಡದಲ್ಲಿ ಹೇಳಬೇಕಾಯಿತು. ನನ್ನ ಮಗನ ಮನಸ್ಥಿತಿ ಸರಿಯಿಲ್ಲ. ಅವನ ಜೀವಕ್ಕೆ ಏನಾದರೂ ಆದರೆ ಕಾಲೇಜಾಗಲಿ ಹಾಸ್ಟೆಲ್ ಆಗಲಿ ಜವಾಬ್ದಾರರಲ್ಲ. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅಪ್ಪ ಏನೂ ಕೇಳಲಿಲ್ಲ. ಪೆನ್ನು ತಗೊಂಡು, ನಿಧಾನಕ್ಕೆ, ಕನ್ನಡದಲ್ಲಿ ಸಹಿ ಹಾಕಿದರು.

ಸಹಾಯ ಕೇಳಿಕೊಂಡು ಹೋದವನಿಗೆ ಆ ಕಾಲೇಜು ಕೊಟ್ಟದ್ದು ಆ ಒಂದು ಹಾಳೆ. ಬೇರೆ ಏನೂ ಇಲ್ಲ. ಯಾವ ಡಾಕ್ಟರ ಹತ್ತಿರ ಹೋಗಿ ಅಂತಲೂ ಹೇಳಲಿಲ್ಲ.

ಮೂರು ವಾರ ಊರಲ್ಲಿದ್ದೆ. ಅಟೆಂಡೆನ್ಸ್ 85 ಪರ್ಸೆಂಟ್ ಇರಬೇಕು ಅನ್ನುವ ನಿಯಮ ಗೊತ್ತಲ್ವಾ, ಆ ಸಲ ಒಂದು ಸಬ್ಜೆಕ್ಟ್‌ನಲ್ಲಿ ಪರೀಕ್ಷೆಗೇ ಕೂರಿಸಲಿಲ್ಲ. ದನಕರು ನೋಡಿಕೊಳ್ಳಿ ಅಂತ ಅವಸರದಲ್ಲಿ ಅಪ್ಪ ಪಕ್ಕದ ಮನೆಯವರಿಗೆ ವಿಷಯ ಹೇಳಿ ಹೋಗಿದ್ದರು. ನಾನು ಬರುವಷ್ಟರಲ್ಲಿ ಊರ ತುಂಬಾ "ಹುಡುಗಂದು ತಲಿ ಕೆಟ್ಟೈತಂತ" ಅನ್ನುವ ಮಾತು ಹಬ್ಬಿತ್ತು. ಅವ್ವ ಎರಡು ತಿಂಗಳು ಸಂತೆಗೆ ಹೋಗಲಿಲ್ಲ.

ವಾಪಸ್ ಬಂದ ಮೇಲೆ ಇಂಟರ್ನಲ್ಸ್. ನಮ್ಮ ರೂಮಿಗೆ ಇನ್ವಿಜಿಲೇಟರ್ ಆಗಿ ಬಂದದ್ದು ಅದೇ ಮೇಡಂ. ಅವರು ಬೇರೆ ಡಿಪಾರ್ಟ್‌ಮೆಂಟಿನ ಲೆಕ್ಚರರ್ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಕೌನ್ಸೆಲಿಂಗ್ ಸೆಲ್ ಅವರಿಗೆ ಹೆಚ್ಚುವರಿ ಕೆಲಸ. ಅದಕ್ಕೆ ಬೇಕಾದ ಓದು ಅವರಿಗೆ ಇರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆ ಕೊಡುವವರು ನಮ್ಮ ವಿಷಯವನ್ನು ಗುಟ್ಟಾಗಿ ಇಡಲೇಬೇಕು. ಜೀವಕ್ಕೆ ಅಪಾಯ ಅನ್ನುವಂಥ ಕೆಲವೇ ಸಂದರ್ಭಗಳಲ್ಲಿ ಹೊರಗೆ ಹೇಳಬಹುದು. ಆದರೆ ಆ ಕಾಯ್ದೆ ಕಟ್ಟಿಹಾಕುವುದು ಆರೋಗ್ಯ ವೃತ್ತಿಯವರನ್ನು. ಕೌನ್ಸೆಲರ್ ಅಂತ ಬೋರ್ಡ್ ಹಾಕಿ ಕೂರಿಸಿದ ಲೆಕ್ಚರರ್ ಎಚ್‌ಓಡಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಅವರ ಸಂಬಳ, ರಜೆ, ಎಲ್ಲಾ ಅಲ್ಲೇ ಇದೆ.

ಅದಕ್ಕೇ ಹೇಳುತ್ತಿದ್ದೇನೆ, ಕೂತ ತಕ್ಷಣ ಬಾಯಿ ಬಿಡಬೇಡಿ. ನೀವು ಏನು ಓದಿದ್ದೀರಿ ಅಂತ ಮರ್ಯಾದೆಯಿಂದಲೇ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರುತ್ತದೆ, ಅದನ್ನು ಕೇಳುವುದು ತಪ್ಪಲ್ಲ. ಇಲ್ಲಿ ಹೇಳಿದ್ದು ಯಾರ ಯಾರ ಕಿವಿಗೆ ಹೋಗುತ್ತದೆ, ಈ ಫಾರ್ಮ್ ಎಲ್ಲಿ ಇಡುತ್ತೀರಿ, ಮನೆಗೆ ಫೋನ್ ಮಾಡುವ ಹಾಗಿದ್ದರೆ ಮೊದಲು ನನಗೆ ಹೇಳುತ್ತೀರಾ? ಇಷ್ಟಕ್ಕೂ ಸರಿಯಾದ ಉತ್ತರ ಬರಲಿಲ್ಲ ಅಂದರೆ ನೀರು ಕುಡಿದು ಎದ್ದು ಬನ್ನಿ. ಬೇರೆ ಜಾಗ ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಲೇಬೇಕು ಅಂತ ಹೇಳಿದೆ. ಹಾಗಾಗಿ ಕೇಳುವುದಕ್ಕೆ ಹಿಂಜರಿಯಬೇಡಿ.

ನಿಜವಾಗಿ ಜೀವಕ್ಕೆ ಅಪಾಯ ಇದ್ದರೆ ಮನೆಯವರಿಗೆ ಹೇಳಲೇಬೇಕು. ಅದನ್ನು ನಾನು ಬೇಡ ಅನ್ನುವುದಿಲ್ಲ. ಹಾಗೆ ಅನ್ನಿಸುತ್ತಿದ್ದರೆ ನೀವೂ ಈ ಪ್ರಶ್ನೆಗಳನ್ನೆಲ್ಲಾ ಬಿಟ್ಟು ಈಗಲೇ ಯಾರಿಗಾದರೂ ಹೇಳಿ. ಆದರೆ ಅಪಾಯ ಇದೆಯಾ ಅಂತ ಕೇಳಿ ತಿಳಿದುಕೊಳ್ಳುವ ಒಂದು ರೀತಿ ಇದೆ. ಊರಲ್ಲಿದ್ದಾಗ ಒಂದು ರಾತ್ರಿ ಕಣದಲ್ಲಿ ಕೂತು 14416ಕ್ಕೆ ಫೋನ್ ಮಾಡಿದ್ದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇದ್ದ ಅಕ್ಕ ಸ್ವಲ್ಪ ಹೊತ್ತು ಕೇಳಿಸಿಕೊಂಡು, ನೇರವಾಗಿ, "ಸಾಯಬೇಕು ಅಂತ ಅನ್ನಿಸಿದೆಯಾ ನಿಮಗೆ?" ಅಂದರು. ಇಲ್ಲ ಅಂದೆ. ಆಮೇಲೆ ಜೋರಾಗಿ ಅತ್ತೆ. ಅಷ್ಟು ಜನರಲ್ಲಿ ನನ್ನನ್ನೇ ಕೇಳಿದ್ದು ಅವರೊಬ್ಬರೇ.

ಬೆಂಗಳೂರಿಗೆ ಬಂದವನು ನಿಮ್ಹಾನ್ಸ್‌ಗೆ ಹೋಗಿ ಚೀಟಿ ಮಾಡಿಸಿದೆ. ಕಾಯಬೇಕು, ರಷ್ ಜಾಸ್ತಿ, ಒಂದು ದಿನ ಪೂರ್ತಿ ಇಟ್ಟುಕೊಂಡು ಹೋಗಿ. ಹುಬ್ಬಳ್ಳಿ ಧಾರವಾಡ ಕಡೆಯವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ನಿಮ್ಹಾನ್ಸ್‌ನಲ್ಲಿ ನನ್ನನ್ನು ನೋಡಿದವರು ಮೊದಲು ಎದ್ದು ಬಾಗಿಲು ಹಾಕಿದರು. ಯಾವ ಮಾತು ಈ ರೂಮಿನಲ್ಲೇ ಇರುತ್ತದೆ, ಯಾವುದನ್ನು ಹೊರಗೆ ಹೇಳಬೇಕಾಗಬಹುದು ಅಂತ ಬಿಡಿಸಿ ಹೇಳಿದರು. ಆಮೇಲೆಯೇ ನನ್ನ ಹೆಸರು ಕೇಳಿದ್ದು. ಈಗ ನಿದ್ದೆ ಬರುತ್ತದೆ. ಬ್ಯಾಕ್ ಇದ್ದದ್ದೆಲ್ಲಾ ಪಾಸಾಗಿವೆ.

ಕಳೆದ ವರ್ಷ ಕಾಲೇಜಿಗೆ ನ್ಯಾಕ್ ತಂಡ, ಅಂದರೆ ಗುಣಮಟ್ಟ ನೋಡಿ ಗ್ರೇಡ್ ಕೊಡುವವರು, ಬರುವುದಿತ್ತು. ಫೈಲ್ ಜೋಡಿಸುವುದಕ್ಕೆ ವಿದ್ಯಾರ್ಥಿಗಳನ್ನೇ ಕೂರಿಸಿದ್ದರು. ಸಂಜೆ ನನ್ನ ಗೆಳೆಯ ರೂಮಿಗೆ ಬಂದು, ಬಾಗಿಲು ಹಾಕಿ, "ನಿನ್ನ ಫಾರ್ಮ್ ಕೌನ್ಸೆಲಿಂಗ್ ಫೈಲ್‌ನಲ್ಲಿ ಇದೆ ಕಣೋ, ಹೆಸರು, ಯುಎಸ್‌ಎನ್ ನಂಬರ್ ಸಮೇತ" ಅಂದ. ನನ್ನದೊಂದೇ ಅಲ್ಲ, ಇನ್ನೂ ಎಷ್ಟೋ ಜನರದ್ದು.

ಎಲ್ಲರ ಫಾರ್ಮ್‌ಗಳನ್ನೂ ಆ ಫೈಲ್‌ನಿಂದ ತೆಗೆಸಿ, ನನ್ನದನ್ನು ನನಗೆ ವಾಪಸ್ ಕೊಡಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿದ್ದೇನೆ. ನಕಲಿನ ಮೇಲೆ ಸೀಲ್ ಹಾಕಿಸಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ.